ಹೈಫಾ ಯುದ್ಧದ ಕಾಲದಲ್ಲಿ ನೀವಿದ್ದಿದ್ದರೆ ಎಲ್ಲಿರುತ್ತಿದ್ದಿರಿ? ನಿಜ ಹೇಳಿ

ಮದ್ದೂರಿನವ:

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ಬೆಂಗಳೂರಿನ ಜೆ.ಸಿ. ನಗರದ ಕಡೆ ಹೋಗಿದ್ದೆ, ಜೊತೆಗೆ ಮಗಳಿದ್ದಳು, ಏಳನೇ ಕ್ಲಾಸು. ಅಲ್ಲಿ ಮೈಸೂರು ಲ್ಯಾನ್ಸರ್ಸ್ (ಮೈಸೂರು ಸಂಸ್ಥಾನದ ಭರ್ಜಿ ಹಿಡಿದ ಕುದುರೆ ಪಡೆ) ಸ್ಮಾರಕ ಇದೆಯಲ್ಲ, ಎಷ್ಟೋ ಸಲ ಬಸ್ಸಿನಿಂದ ನೋಡಿದ್ದೇನೆ, ಇಳಿದು ಹತ್ತಿರ ಹೋಗಿದ್ದು ಇದೇ ಮೊದಲು. ಮಗಳಿಗೆ ನನಗೆ ಗೊತ್ತಿದ್ದಷ್ಟು ಹೇಳಿದೆ. ಮೊದಲನೇ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಬ್ರಿಟಿಷರ ಕಡೆಯಿಂದ ನಮ್ಮ ಮೈಸೂರಿನ ಸವಾರರೂ ಜೋಧಪುರದ ಸವಾರರೂ ಕುದುರೆ ಮೇಲೆ, ಕೈಯಲ್ಲಿ ಭರ್ಜಿ ಹಿಡಿದು ಈಗಿನ ಇಸ್ರೇಲಿನಲ್ಲಿರುವ ಹೈಫಾ ಊರಿಗೆ ನುಗ್ಗಿದರು. ಎದುರಿಗೆ ಟರ್ಕಿಯವರ ಮೆಷಿನ್ ಗನ್, ಕಾರ್ಮೆಲ್ ಬೆಟ್ಟದ ಮೇಲೆ ತೋಪುಗಳು. ಜೋಧಪುರದ ಮೇಜರ್ ದಲಪತ್ ಸಿಂಗ್ ಅವತ್ತೇ ಸತ್ತರು. ಸಂಜೆಯೊಳಗೆ ಊರು ಕೈಗೆ ಬಂತು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂರು ಪ್ರತಿಮೆಗಳು ಇವರಿದ್ದ ಬ್ರಿಗೇಡಿನ (ಹಲವು ಪಡೆ ಸೇರಿದ ದಂಡಿನ) ಮೈಸೂರು, ಜೋಧಪುರ, ಹೈದರಾಬಾದ್ ಪಡೆಗಳದ್ದು.

ಎಲ್ಲ ಕೇಳಿಸಿಕೊಂಡು ಅವಳು ಒಂದೇ ಪ್ರಶ್ನೆ ಕೇಳಿದಳು. "ಅಪ್ಪಾ, ಆಗ ನೀನು ಇದ್ದಿದ್ರೆ ಇದ್ರಲ್ಲಿ ಯಾರಾಗಿರ್ತಿದ್ದೆ?"

"ಕುದುರೆ ಮೇಲೆ ಭರ್ಜಿ ಹಿಡ್ಕೊಂಡು ಮುಂದೆ ಇರ್ತಿದ್ದೆ" ಅಂತ ತಕ್ಷಣ ಹೇಳಿಬಿಟ್ಟೆ. ರಾತ್ರಿ ಮಲಗಿದಾಗ ಅದು ಕೊರೆಯೋಕೆ ಶುರುವಾಯ್ತು. ನಮ್ಮ ಮುತ್ತಜ್ಜ ಗೇಯ್ದು ತಿಂದವರು. ಅವರ ಕಾಲದಲ್ಲಿ ಊರಲ್ಲಿ ಕುದುರೆ ಅಂತ ಇದ್ದದ್ದು ಪಟೇಲರ ಮನೆಯಲ್ಲಿ ಮಾತ್ರ. ಅಂಥ ಮನೆಯ ಹುಡುಗ 1914ರಲ್ಲಿ ಲ್ಯಾನ್ಸರ್ ಹೇಗೆ ಆಗ್ತಾನೆ? ಎತ್ತು ಹೂಡೋದು, ಗಾಡಿ ಹೊಡೆಯೋದು ಗೊತ್ತಿತ್ತು. ಹಾಗಾಗಿ ನಾನು ಹೋಗಿದ್ದರೂ ದಂಡಿನ ಹಿಂದೆ ಮೇವು, ನೀರು, ಸಾಮಾನು ಸಾಗಿಸೋ ಸಾಲಿನಲ್ಲಿ ಇರುತ್ತಿದ್ದೆ. ಮಗಳಿಗೆ ಸುಳ್ಳು ಹೇಳಿದಂತಾಯ್ತು ಅನ್ನಿಸಿತು.

ಅದಕ್ಕೇ ನಿಮ್ಮನ್ನೆಲ್ಲ ಕೇಳ್ತಿದ್ದೇನೆ. ಆಸೆ ಬೇರೆ, ಅದು ಎಲ್ಲರಿಗೂ ಇರುತ್ತೆ. ನಿಮ್ಮ ಮನೆ, ನಿಮ್ಮ ಕಸುಬು, ನಿಮ್ಮ ಕೈಗೆ ಬರುವ ಕೆಲಸ ನೋಡಿಕೊಂಡು ಹೇಳಿ. ಹೈಫಾನೇ ಆಗಬೇಕು ಅಂತಿಲ್ಲ, ಯಾವ ಯುದ್ಧವಾದರೂ ಸರಿ.

ಕುಣಿಗಲ್ ಪಶುವೈದ್ಯೆ:

ಅಣ್ಣ, ಒಳ್ಳೆ ಪ್ರಶ್ನೆ. ನನಗೆ ಉತ್ತರ ಹುಡುಕೋದೇ ಬೇಡ, ನಾನು ಕುದುರೆಗಳ ಹತ್ತಿರವೇ ಇರುತ್ತಿದ್ದೆ. ಆ ಕಾಲದಲ್ಲಿ ಹೆಂಗಸನ್ನು ಬಿಡುತ್ತಿರಲಿಲ್ಲ, ಅದು ನಿಜ. ಅದೊಂದನ್ನು ಪಕ್ಕಕ್ಕಿಟ್ಟು ಕಸುಬು ಮಾತ್ರ ಹಿಡಿದು ಹೇಳ್ತೀನಿ. ನಮ್ಮ ಕುಣಿಗಲ್ಲಿನ ಕುದುರೆ ಫಾರ್ಮ್ ಟಿಪ್ಪು ಕಾಲದ್ದು, ದಂಡಿಗೆ ಕುದುರೆ ಬೇಕು ಅಂತಲೇ ಶುರುವಾದದ್ದು, ಹಾಗಾಗಿ ಚಿಕ್ಕಂದಿನಿಂದ ಇದೇ ಯೋಚನೆ.

ಹೈಫಾ ಅಂದರೆ ಎಲ್ಲರೂ ಆ ಒಂದು ಮಧ್ಯಾಹ್ನದ ದಾಳಿ ಮಾತ್ರ ಹೇಳ್ತಾರೆ. ಅದಕ್ಕೆ ಮುಂಚಿನ ನಾಲ್ಕು ವರ್ಷ ಯಾರಿಗೂ ಬೇಡ. ಈ ಬ್ರಿಗೇಡ್ ಈಜಿಪ್ಟಿಗೆ ಬಂದದ್ದು 1914ರಲ್ಲೇ. ಮೊದಲು ಸೂಯೆಜ್ ಕಾಲುವೆ ಕಾಯೋ ಕೆಲಸ, ಆಮೇಲೆ ಸಿನಾಯ್ ಮರಳುಗಾಡು, ಆಮೇಲೆ ಪ್ಯಾಲೆಸ್ಟೈನ್. ಬಿಸಿಲಲ್ಲಿ ಕೆಲಸ ಮಾಡೋ ಒಂದು ಕುದುರೆಗೆ ದಿನಕ್ಕೆ 30ರಿಂದ 40 ಲೀಟರ್ ನೀರು ಬೇಕು. ಒಂದು ಕುದುರೆಗೆ! ಒಂದು ರೆಜಿಮೆಂಟಿಗೆ ಎಷ್ಟು ಅಂತ ನೀವೇ ಲೆಕ್ಕ ಹಾಕಿ. ಅದಕ್ಕೇ ಬ್ರಿಟಿಷರು ನೈಲ್ ನದಿಯ ನೀರನ್ನು ಪೈಪಿನಲ್ಲಿ ಮರಳುಗಾಡು ದಾಟಿಸಿದರು, ಜೊತೆಗೇ ರೈಲು ಹಳಿ ಹಾಕುತ್ತಾ ಹೋದರು. ಪೈಪು ಎಷ್ಟು ದೂರವೋ ದಂಡು ಅಷ್ಟು ದೂರ.

ಇನ್ನೊಂದು ವಿಷಯ ಜನಕ್ಕೆ ಗೊತ್ತಿರಲ್ಲ. ಮರಳು ನೆಲದಲ್ಲಿ ಮೇವು ಹಾಕಿದರೆ ಕುದುರೆ ಮೇವಿನ ಜೊತೆ ಮರಳನ್ನೂ ತಿನ್ನುತ್ತೆ. ಅದು ಹೊಟ್ಟೆಯಲ್ಲಿ ತುಂಬಿಕೊಂಡು ಶೂಲೆ ಬರುತ್ತೆ. ಕುದುರೆಗೆ ವಾಂತಿ ಮಾಡೋಕೆ ಆಗಲ್ಲ, ಒಳಗೆ ಹೋದದ್ದು ಬಾಯಿಯಿಂದ ವಾಪಸ್ ಬರೋ ದಾರಿಯೇ ಇಲ್ಲ. ಹೊಟ್ಟೆ ನೋವಿಗೆ ನೆಲದ ಮೇಲೆ ಬಿದ್ದು ಹೊರಳಾಡೋ ಕುದುರೆಯನ್ನು ನೀವು ಒಂದು ಸಲ ನೋಡಿದರೆ ಮರೆಯಲ್ಲ, ನಾನು ನೋಡಿದ್ದೀನಿ. ಹೋದ ವರ್ಷ ಒಂದು ಹೆಣ್ಣು ಕುದುರೆಯನ್ನು ರಾತ್ರಿ ಒಂದು ಗಂಟೆಯಿಂದ ಬೆಳಗ್ಗೆ ಐದರವರೆಗೆ ಹಗ್ಗ ಹಿಡಿದು ನಡೆಸಿದೆ, ಬಿದ್ದುಕೊಳ್ಳೋಕೆ ಬಿಡಬಾರದು ಅಂತ. ಪಕ್ಕೆ ಪೂರ್ತಿ ಬೆವರು, ಮೂಗಿನ ಹೊಳ್ಳೆ ಅರಳಿಸಿಕೊಂಡು ನನ್ನ ಭುಜಕ್ಕೆ ತಲೆ ಒತ್ತುತ್ತಿತ್ತು. ಬದುಕಿಕೊಂಡಿತು. ಅವತ್ತು ನನ್ನ ಹತ್ತಿರ ಔಷಧಿ ಇತ್ತು, ಲೈಟ್ ಇತ್ತು, ಫೋನ್ ಇತ್ತು. ಸಿನಾಯ್‌ನಲ್ಲಿ ಹುರುಳಿ ಚೀಲವನ್ನು ಬಾಯಿಗೆ ಕಟ್ಟಿಯೇ ತಿನ್ನಿಸಬೇಕು ಅಂತ ಯಾರೋ ಒಬ್ಬ ಕುದುರೆ ಆಳು ದಿನಾ ಹಟ ಹಿಡಿದಿದ್ದರೆ, ಅವನು ಉಳಿಸಿದ ಕುದುರೆಯೇ ಮುಂದೆ ಕಾರ್ಮೆಲ್ ಹತ್ತಿದ್ದು.

ಆ ಬೆಟ್ಟ ಹತ್ತಿದ್ದು ನಮ್ಮ ಮೈಸೂರಿನ ತುಕಡಿ. ಜೋಧಪುರದವರು ಕೆಳಗೆ ಕಿಶೋನ್ ಹೊಳೆ ದಂಡೆಯಲ್ಲಿ ಮುನ್ನುಗ್ಗುವಾಗ ಮೇಲಿನ ತೋಪುಗಳ ಬಾಯಿ ಮುಚ್ಚಿಸಬೇಕಿತ್ತು. ಕಡಿದಾದ ಕಲ್ಲು ದಾರಿ, ಕುದುರೆಗಳು ಕುಂಟಿ ಹಿಂದೆ ಬಿದ್ದವು, ಕೊನೆಗೆ ಮೇಲೆ ನುಗ್ಗಿದ್ದು ಕೆಲವೇ ಸವಾರರು. ಹೈಫಾ ಆದಮೇಲೂ ಮುಗೀಲಿಲ್ಲ, ಅಲ್ಲಿಂದ ಸಿರಿಯಾದ ಅಲೆಪ್ಪೊವರೆಗೆ ಹೋದರು. ಅಕ್ಟೋಬರ್ 26ರಂದು ಅಲೆಪ್ಪೊ ಪಕ್ಕದ ಹರಿತಾನ್‌ನಲ್ಲಿ ಮೈಸೂರು, ಜೋಧಪುರ ಇಬ್ಬರೂ ಮತ್ತೆ ಕುದುರೆ ಓಡಿಸಿ ದಾಳಿ ಮಾಡಿದರು, ಅಲ್ಲೂ ಜನ ಸತ್ತರು. ಟರ್ಕಿ ಜೊತೆ ಕದನ ನಿಂತದ್ದು ಅದಾದ ಐದೇ ದಿನಕ್ಕೆ. ಐದು ದಿನ, ಅಷ್ಟೇ. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತೆ.

ಹಾಗಾಗಿ ನಾನು ಲಾಯದಲ್ಲಿ. ಲಾಳ ಸಡಿಲವಾಗಿದೆಯಾ, ಜೀನು ಉಜ್ಜಿ ಬೆನ್ನು ಹುಣ್ಣಾಗಿದೆಯಾ ನೋಡುತ್ತಾ. ನೀವು ನೀರು ತರುವ ಸಾಲಿನಲ್ಲಿ ಇರ್ತಿದ್ದೆ ಅಂದ್ರಲ್ಲ, ಅದೇನು ಸಣ್ಣ ಕೆಲಸ ಅಲ್ಲ ಅಣ್ಣ. ಮಗಳಿಗೆ ಅದನ್ನೇ ಹೇಳಿ.

ಶಿಕಾರಿಪುರದಿಂದ:

ಈ ಪ್ರಶ್ನೆಯಲ್ಲಿ ಒಂದು ಮಾತು ಬಿಟ್ಟುಹೋಗಿದೆ. ಎಲ್ಲಿ ಸೇವೆ ಮಾಡ್ತಿದ್ದಿರಿ ಅಂತ ಕೇಳ್ತೀರಿ, ಯಾರಿಗೆ ಅಂತ ಕೇಳಲ್ಲ.

ನಮ್ಮ ತಾಲ್ಲೂಕಿನಲ್ಲೇ ಈಸೂರು ಇದೆ. 1942ರ ಸೆಪ್ಟೆಂಬರ್‌ನಲ್ಲಿ, ಅತ್ತ ಎರಡನೇ ಮಹಾಯುದ್ಧ ನಡೀತಿರುವಾಗ, ಆ ಊರಿನವರು ನಮಗೆ ಸ್ವಾತಂತ್ರ್ಯ ಬಂದಿದೆ, ಕಂದಾಯ ಕೊಡಲ್ಲ ಅಂದರು. "ಏಸೂರು ಕೊಟ್ಟರೂ ಈಸೂರು ಕೊಡೆವು" ಅನ್ನೋ ಮಾತು ಇಲ್ಲಿ ಮಕ್ಕಳ ಬಾಯಲ್ಲೂ ಇದೆ. ಗಲಾಟೆಯಲ್ಲಿ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರೂ ಸತ್ತರು. ಸರ್ಕಾರ ಪಡೆ ಕಳಿಸಿತು, ಜನ ಮನೆ ಬಿಟ್ಟು ಕಾಡು ಸೇರಿದರು. 1943ರ ಮಾರ್ಚ್‌ನಲ್ಲಿ ಐದು ಜನರನ್ನು ಗಲ್ಲಿಗೇರಿಸಿದರು. ಇದು ನಡೆದದ್ದು ಮೈಸೂರು ಸಂಸ್ಥಾನದಲ್ಲೇ. ಲ್ಯಾನ್ಸರ್‌ಗಳನ್ನು ಹೈಫಾಗೆ ಕಳಿಸಿದ್ದೂ ಅದೇ ಸಂಸ್ಥಾನ.

ಹೈಫಾದಲ್ಲಿ ಸತ್ತವರ ಬಗ್ಗೆ ನನಗೆ ಕಡಿಮೆ ಗೌರವ ಇಲ್ಲ. ಸಂಬಳಕ್ಕೆ ಸೇರಿದವರು, ಹೇಳಿದ ಕಡೆ ಹೋದರು, ಧೈರ್ಯವಾಗಿ ಸತ್ತರು. ಆದರೆ ನಾನು ಇಪ್ಪತ್ತು ವರ್ಷದವನಾಗಿ ಆಗ ಇದ್ದಿದ್ದರೆ ಬ್ರಿಟಿಷರ ಯುದ್ಧಕ್ಕೆ ಹೋಗುತ್ತಿರಲಿಲ್ಲ, ಈಸೂರಿನ ಕಡೆ ಇರುತ್ತಿದ್ದೆ. ಗಲ್ಲಿಗೆ ಹೋದ ಐವರಲ್ಲಿ ನಾನಿರ್ತಿದ್ದೆ ಅಂತ ಹೇಳಲ್ಲ, ಹಾಗೆ ಹೇಳೋದು ಅವರಿಗೆ ಮಾಡೋ ಅವಮಾನ. ನಮ್ಮ ಮನೆಯವರು ಕಾಡಿನ ದಾರಿ ಬಲ್ಲವರು. ಅಡಗಿಕೊಂಡವರಿಗೆ ರಾತ್ರಿ ರೊಟ್ಟಿ ಗಂಟು ತಲುಪಿಸೋ ಕೆಲಸ ನನಗೆ ಸಿಗುತ್ತಿತ್ತೇನೋ. ಅಷ್ಟು ಮಾಡಿದ್ದರೂ ಸಾಕಿತ್ತು.

ಮದ್ದೂರಿನವ:

ಸಾರ್, ನೀವು ಹೇಳಿದ್ದು ಸರಿ, ಆ ಮಾತು ನಾನು ಕೇಳಬೇಕಿತ್ತು. ನಮ್ಮ ಮದ್ದೂರಿನ ಪಕ್ಕದಲ್ಲೇ ಶಿವಪುರ, 1938ರಲ್ಲಿ ಸರ್ಕಾರ ಬೇಡ ಅಂದರೂ ಕಾಂಗ್ರೆಸ್ ಬಾವುಟ ಹಾರಿಸಿದ ಧ್ವಜ ಸತ್ಯಾಗ್ರಹ ಆದ ಜಾಗ. ಆ ಸತ್ಯಾಗ್ರಹ ಸೌಧದ ಮುಂದೆಯೇ ದಿನಾ ಓಡಾಡ್ತೀನಿ, ಆದರೂ ಯುದ್ಧ ಅಂದ ತಕ್ಷಣ ತಲೆಗೆ ಬಂದದ್ದು ಕುದುರೆ, ಭರ್ಜಿ. 1918ರಲ್ಲಿ ಹೈಫಾಗೆ ಹೋದವನ ಮಗನೇ 1938ರಲ್ಲಿ ಶಿವಪುರದಲ್ಲಿ ನಿಂತಿರಬಹುದು ಅಲ್ವಾ? ಒಂದೇ ಮನೆಯಲ್ಲಿ ಎರಡೂ ನಡೆದಿರಬಹುದು, ಅಪ್ಪ ಮಗನಿಗೆ ಜಗಳವೂ ಆಗಿರಬಹುದು.

ನಿವೃತ್ತ ಫಿಟ್ಟರ್, ಮಾರತ್‌ಹಳ್ಳಿ:

ನನ್ನದು ಸುಲಭ. ನಾನು ಎಚ್‌ಎಎಲ್‌ನಲ್ಲಿ ಕೆಲಸ ಮಾಡಿ ರಿಟೈರ್ ಆದವನು. ಎರಡನೇ ಯುದ್ಧದಲ್ಲಿದ್ದಿದ್ದರೆ ನನ್ನ ಜಾಗ ಅದೇ ಫ್ಯಾಕ್ಟರಿ.

1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ ಶುರು ಮಾಡಿದ್ದು. ವಿಮಾನ ಕಟ್ಟೋಣ ಅಂತ ಹೊರಟರು, ಜಪಾನ್ ಬರ್ಮಾಗೆ ಬಂದಮೇಲೆ ಕಟ್ಟೋದಕ್ಕಿಂತ ರಿಪೇರಿ ಕೆಲಸವೇ ಜಾಸ್ತಿ ಆಯ್ತು. 1943ರಲ್ಲಿ ಅಮೆರಿಕದ ಸೇನೆ ನಡೆಸೋಕೆ ತಗೊಂಡಿತು. ಈಗಿನ ಹುಡುಗರು ನಂಬಲ್ಲ, ಕ್ಯಾಟಲಿನಾ ಅನ್ನೋ ನೀರಿನ ಮೇಲೆ ಇಳಿಯೋ ವಿಮಾನಗಳು ನಮ್ಮ ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು, ಅಲ್ಲಿಂದ ರಿಪೇರಿಗೆ ಬರುತ್ತಿದ್ದವು. ಇವತ್ತು ನೊರೆ ಉಕ್ಕುತ್ತೆ ಅಂತ ಟಿವಿಯಲ್ಲಿ ತೋರಿಸ್ತಾರಲ್ಲ, ಅದೇ ಕೆರೆ.

ಸಮುದ್ರದ ಮೇಲೆ ಓಡಾಡಿದ ವಿಮಾನದ ತಳಕ್ಕೆ ಉಪ್ಪು ಹಿಡಿಯುತ್ತೆ, ರಿವೆಟ್ ತಲೆಗಳು ತಿಂದುಹೋಗಿರುತ್ತವೆ. ಹಳೇದನ್ನು ಕೊರೆದು ತೆಗೆದು ಹೊಸದು ಬಡಿಯಬೇಕು. ಇದು ಇಬ್ಬರ ಕೆಲಸ. ಹೊರಗಿನಿಂದ ಒಬ್ಬ ಬಡಿಯುತ್ತಾನೆ, ಒಳಗೆ ಇನ್ನೊಬ್ಬ ಕಬ್ಬಿಣದ ತುಂಡು ಒತ್ತಿ ಹಿಡಿದಿರುತ್ತಾನೆ. ಒಳಗಿರೋನಿಗೆ ಸರಿಯಾಗಿ ಕೂರೋಕೂ ಜಾಗ ಇರಲ್ಲ, ಕಿವಿ ಗುಂಯ್ ಅನ್ನುತ್ತೆ, ಮುಖ ಕಾಣದಿದ್ದರೂ ಹೊರಗಿರೋನ ಕೈ ಯಾವಾಗ ನಿಲ್ಲುತ್ತೆ ಅಂತ ಗೊತ್ತಾಗಬೇಕು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಳಗಿರೋನು ನಾನೇ, ಆಗ ಸಣ್ಣಗಿದ್ದೆ. ಒಂದು ರಿವೆಟ್ ವಾರೆಯಾದರೂ ಮೇಸ್ತ್ರಿ ಮತ್ತೆ ಕೊರೆಸುತ್ತಿದ್ದರು, "ಇದರಲ್ಲಿ ಹತ್ತೋನು ನಿನ್ನ ತಮ್ಮ ಅಂದ್ಕೊ" ಅನ್ನೋರು.

ಹಾಗಾಗಿ 1943ರಲ್ಲೂ ನಾನು ಕ್ಯಾಟಲಿನಾ ಹೊಟ್ಟೆಯೊಳಗೇ ಇರುತ್ತಿದ್ದೆ. ಶಿಕಾರಿಪುರದವರ ಮಾತು ನನ್ನನ್ನೂ ತಟ್ಟಿತು. ಆದರೆ ಆ ಯುದ್ಧದಲ್ಲಿ ಕಲಿತ ಕೈಗಳೇ ಆಮೇಲೆ ಸ್ವತಂತ್ರ ದೇಶಕ್ಕೆ ವಿಮಾನ ಕಟ್ಟಿಕೊಟ್ಟವು, ಅದನ್ನೂ ಮರೆಯಬೇಡಿ.

ವಿರಾಜಪೇಟೆ:

ನಾವು ಕೊಡಗಿನವರು. ಇಲ್ಲಿ ಮನೆಗೊಬ್ಬರು ಸೇನೆಯಲ್ಲಿ ಇದ್ದವರೇ, ಆದ್ದರಿಂದ ಇದು ನಮಗೆ ಬರೀ ಊಹೆ ಅಲ್ಲ. ನನ್ನ ಮನಸ್ಸಿನಲ್ಲಿರೋದು ಪಾಕಿಸ್ತಾನದ ಜೊತೆಗಿನ ಯುದ್ಧದ 1965ರ ಸೆಪ್ಟೆಂಬರ್ 7, ಪಂಜಾಬಿನ ಆದಂಪುರ ವಾಯುನೆಲೆ.

ಅವತ್ತು ಬೆಳಗ್ಗೆ ನಮ್ಮ ವಾಯುಪಡೆಯ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ಮೇಲೆ ದಾಳಿಗೆ ಹೊರಟವು. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರನ್ನು ಇಟ್ಟಿದ್ದು ಮೀಸಲಿಗೆ. ಆದರೂ ಹೋದರು. ಎದುರಾದದ್ದು ಪಾಕಿಸ್ತಾನದ ಸ್ಟಾರ್‌ಫೈಟರ್, ಮಿಸ್ಟೇರ್‌ಗಿಂತ ತುಂಬಾ ವೇಗದ ವಿಮಾನ. ಅದನ್ನು ಹೊಡೆದು ಬೀಳಿಸಿ ತಾವೂ ಅಲ್ಲೇ ಬಿದ್ದರು. ಇದು ಇಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲ, ಬರಲಿಲ್ಲ ಅಂತ ಮಾತ್ರ ಗೊತ್ತು. ಎಷ್ಟೋ ವರ್ಷದ ಮೇಲೆ ಆ ಕಡೆಯ ಬರಹಗಳಿಂದ ವಿಷಯ ಹೊರಬಂತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷ ಆದಮೇಲೆ.

ನಾನು ಪೈಲಟ್ ಆಗುತ್ತಿರಲಿಲ್ಲ, ನನ್ನ ಕಣ್ಣು ಸಣ್ಣವನಿದ್ದಾಗಿನಿಂದ ಸರಿಯಿಲ್ಲ. ಕೆಳಗೆ ನಿಂತಿರೋ ಏರ್‌ಮ್ಯಾನ್ ಆಗಿರುತ್ತಿದ್ದೆ. ಪಟ್ಟಿ ಬಿಗಿದು, ಏಣಿ ತೆಗೆದು, ಕೈ ತೋರಿಸಿ ಕಳಿಸೋನು. ಆಮೇಲೆ ಆಕಾಶ ನೋಡ್ತಾ ವಾಪಸ್ ಬರೋ ವಿಮಾನಗಳನ್ನು ಎಣಿಸೋನು. ಒಂದು ಕಡಿಮೆ. ಇಂಧನ ಮುಗಿಯೋ ಹೊತ್ತು ದಾಟಿದೆ ಅಂತ ಗೊತ್ತಿದ್ದರೂ ಏಣಿ ಹಿಡಿದು ಅಲ್ಲೇ ನಿಂತಿರೋನು. ನಮ್ಮೂರಿನವರೇ ಅಂತ ಗೊತ್ತಿದ್ದರೆ ಇನ್ನೂ ಹೊತ್ತು ನಿಲ್ಲುತ್ತಿದ್ದೆ.

ಹಾಸನದ ಟೀಚರ್:

ಎಲ್ಲರದ್ದೂ ಓದಿದೆ. ನಾನು ಊರಲ್ಲೇ ಇರುತ್ತಿದ್ದೆ. 1914ರಲ್ಲಿ ನಮ್ಮಂಥ ಮನೆಯ ಹೆಣ್ಣುಮಕ್ಕಳಿಗೆ ಓದು ಬರುತ್ತಿರಲಿಲ್ಲ, ನನಗೆ ಬಂದಿದ್ದರೆ ಇಡೀ ಊರಿನ ಕಾಗದ ಓದೋ ಕೆಲಸ ನನ್ನದೇ. ಮನಿಯಾರ್ಡರ್ ಬಂದರೆ ಮಗ ಬದುಕಿದ್ದಾನೆ ಅಂತ ಅರ್ಥ. ಹೈಫಾ ಆದಮೇಲೆ ಡಮಾಸ್ಕಸ್ ತಲುಪೋ ಹೊತ್ತಿಗೆ ಆ ಕುದುರೆ ದಂಡಿನಲ್ಲಿ ಮಲೇರಿಯಾ, ಇನ್‌ಫ್ಲುಯೆಂಜಾ ಹಬ್ಬಿತ್ತು. ಅದೇ ಇನ್‌ಫ್ಲುಯೆಂಜಾ 1918ರಲ್ಲಿ ನಮ್ಮ ಹಳ್ಳಿಗಳಿಗೂ ಬಂತು. ಮಗ ಅಲ್ಲಿ ಉಳಿದು, ಇಲ್ಲಿ ಅವನ ಅಮ್ಮ ಹೋಗಿದ್ದರೆ ಆ ಕಾಗದ ಬರೆಯೋದು ಯಾರು? ನಾನೇ ಬರೆಯಬೇಕಿತ್ತು. ಮೊದಲ ಸಾಲು ಹೇಗೆ ಶುರು ಮಾಡಲಿ ಅಂತ ಎರಡು ದಿನದಿಂದ ಯೋಚನೆ ಮಾಡ್ತಿದ್ದೀನಿ, ಇನ್ನೂ ಹೊಳೆದಿಲ್ಲ.

ಮದ್ದೂರಿನವ:

ಟೀಚರ್, ನಿಮ್ಮದನ್ನು ಮಗಳಿಗೆ ಓದಿ ಹೇಳಿದೆ. ಕುಣಿಗಲ್ ಮೇಡಂ ಬರೆದದ್ದನ್ನೂ. ನಾನು ಮುಂದೆ ಇರ್ತಿರಲಿಲ್ಲ ಕಣಮ್ಮ, ಹಿಂದೆ ನೀರು ತರ್ತಿದ್ದೆ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದಳು. ಆಮೇಲೆ "ಕುದುರೆ ಹೆಸರೇನು?" ಅಂತ ಕೇಳಿದಳು. ಯಾವ ಕುದುರೆಗೆ ನೀರು ಕೊಡ್ತಿದ್ದೆ ಅಂತ ಅವಳಿಗೆ ಗೊತ್ತಾಗಬೇಕಂತೆ.

ಸೆಪ್ಟೆಂಬರ್ 23ಕ್ಕೆ ಬೆಳಗ್ಗೆ ಎಂಟು ಗಂಟೆಗೆ ಮತ್ತೆ ಆ ಸ್ಮಾರಕದ ಹತ್ತಿರ ಹೋಗ್ತೀವಿ, ಇಬ್ಬರೇ. ಬೆಂಗಳೂರಿನಲ್ಲಿರೋರು, ಬರೋಕೆ ಆಗೋರು ಹೇಳಿ. ಫಿಟ್ಟರ್ ಸಾರ್, ನಿಮಗೆ ಮಾರತ್‌ಹಳ್ಳಿಯಿಂದ ಬಸ್ ಬದಲಾಯಿಸಬೇಕಾಗುತ್ತೆ, ಬೇಕಾದ್ರೆ ನಾನೇ ಬಂದು ಕರ್ಕೊಂಡು ಹೋಗ್ತೀನಿ.