ಕಾರ್‌ಪೋರ್ಟ್ ವೇರಿಯನ್ಸ್: 3-2 ಓಟು ಬಿದ್ದರೂ ಸೋತಿದ್ದು ಹೇಗೆ?

ಹೊಸಮನೆ_ಹುಡುಗ:
ತಲೆ ಕೆಟ್ಟು ಹೋಗಿದೆ. ಮನೆ ಪಕ್ಕಕ್ಕೆ ಒಂದು ಕಾರ್‌ಪೋರ್ಟ್ (ಕಾರು ನಿಲ್ಲಿಸೋಕೆ ಕಂಬದ ಮೇಲೊಂದು ಚಾವಣಿ), ಅದಕ್ಕೆ ತಕ್ಕಂತೆ ಡ್ರೈವ್‌ವೇ ಸ್ವಲ್ಪ ಅಗಲ. ಕೇಳಿದ್ದು ಇಷ್ಟೇ. ಪಕ್ಕದಲ್ಲಿ ಗಡಿಯಿಂದ 10 ಅಡಿ ಸೆಟ್‌ಬ್ಯಾಕ್, ಅಂದರೆ ಖಾಲಿ ಜಾಗ, ಬಿಡಬೇಕಂತೆ, ನನಗೆ ಉಳಿಯೋದು 6. ವೇರಿಯನ್ಸ್‌ಗೆ, ಅಂದರೆ ಆ ನಿಯಮದಿಂದ ವಿನಾಯಿತಿಗೆ, ಅರ್ಜಿ ಹಾಕಿದೆ, ಫೀ ಕಟ್ಟಿದೆ, ಅಂಗಳದಲ್ಲಿ ಬೋರ್ಡು ನೆಟ್ಟರು, ಅಕ್ಕಪಕ್ಕದವರಿಗೆಲ್ಲ ಕಾಗದ ಹೋಯಿತು. ಹಿಯರಿಂಗ್‌ನಲ್ಲಿ ಮಂಡಳಿಯ ಐವರಲ್ಲಿ ಮೂವರು ಪರ, ಇಬ್ಬರು ವಿರುದ್ಧ. ಆದರೂ ಆಗಲ್ಲ ಅಂದರು! ಎರಡಕ್ಕಿಂತ ಮೂರು ಜಾಸ್ತಿ ಅಲ್ವಾ? ಇದೇ ಬೀದಿಯಲ್ಲಿ ನಾಲ್ಕು ಮನೆಗೆ ಕಾರ್‌ಪೋರ್ಟ್ ಇದೆ.

ಜಲ್ಲಿ_ಜಗ್ಗ:
ಇದು ಇಂಪರ್ವಿಯಸ್ ಕೇಸು, ಬರೆದಿಟ್ಟುಕೊಳ್ಳಿ. ಡ್ರೈವ್‌ವೇ ಕಾಂಕ್ರೀಟಾ? ಮಳೆನೀರು ಇಂಗದ ಜಾಗ ಲೆಕ್ಕ ಮೀರಿರುತ್ತೆ. ಜಲ್ಲಿ ಹಾಕಿ.

ಹಳೇ_ಪ್ಲಾಟು:
ಮೊದಲು ಯಾವ ರಾಜ್ಯ ಹೇಳಿ ಗುರು. ಒಂದೊಂದು ಕಡೆ ಒಂದೊಂದು ಕಾನೂನು. ಮತ್ತೆ ಆ 6 ಅಡಿ ಎಲ್ಲಿಂದ ಅಳೆದಿರಿ?

ಹೊಸಮನೆ_ಹುಡುಗ:
ನಾರ್ತ್ ಕ್ಯಾರೊಲಿನಾ. ಬೇಲಿಯಿಂದ ಅಳೆದೆ. ಇನ್ನೆಲ್ಲಿಂದ ಅಳೀತಾರೆ?

ಹಳೇ_ಪ್ಲಾಟು:
ಅಯ್ಯೋ. ಬೇಲಿಯೇ ಗಡಿ ಅಂತ ಯಾರು ಹೇಳಿದ್ದು? ನಮ್ಮನೆ ಮೂಲೆಯಲ್ಲಿ ಹುಲ್ಲು ಕೆದಕಿದರೆ ನಾಲ್ಕು ಇಂಚು ಕೆಳಗೆ ತುಕ್ಕು ಹಿಡಿದ ಸರ್ವೇ ಸರಳು ಸಿಕ್ಕಿತು. ಬೇಲಿಗಿಂತ ಒಂದೂವರೆ ಅಡಿ ಆಚೆ! ಹಳೇ ಪ್ಲಾಟ್ ನಕ್ಷೆ ತೆಗೆದು ನೋಡಿ.

ಜಲ್ಲಿ_ಜಗ್ಗ:
ನಾರ್ತ್ ಕ್ಯಾರೊಲಿನಾನಾ? ಹಾಗಾದರೆ ಇನ್ನೂ ಸುಲಭ. ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಮೇಲೆ ಕನಿಷ್ಠ 4 ಇಂಚು 57 ನಂಬರ್ ಕಲ್ಲು (ಒಂದು ಗಾತ್ರದ ಜಲ್ಲಿ) ಹಾಕಿದರೆ ರಾಜ್ಯದ ಕಾನೂನಿನಲ್ಲಿ ಅದು ಕಟ್ಟಿದ ಜಾಗದ ಲೆಕ್ಕಕ್ಕೇ ಬರಲ್ಲ. ನಾನು 6 ಇಂಚು ಹಾಕಿದ್ದೀನಿ. ಎರಡು ಮಳೆಗಾಲ ಆಯ್ತು, ಒಂದು ಗುಂಡಿ ಬಿದ್ದಿಲ್ಲ. ಫೋಟೋ ಹಾಕ್ಲಾ?

ಕಡತ_ಕಮಲ:
ಜಗ್ಗಣ್ಣ, ಅವರು ಕೇಳಿದ್ದು ಓಟಿನ ವಿಚಾರ. ಅಲ್ಲಿ ವೇರಿಯನ್ಸ್‌ಗೆ ಬರೀ ಬಹುಮತ ಸಾಲದು, ಐದರಲ್ಲಿ ನಾಲ್ಕು ಪಾಲು ಬೇಕು. ಸೆಕ್ಷನ್ 160ಡಿ-406 ಓದಿ. ಮೂರು ಓಟು ಅಂದರೆ ಸೋಲೇ. ಇನ್ನು ಸೆಕ್ಷನ್ 160ಡಿ-705 ಪ್ರಕಾರ, ವೇರಿಯನ್ಸ್ ಕೇಳೋಕೆ ತೋರಿಸುವ ಕಷ್ಟ ನಿಮ್ಮ ಜಾಗದ್ದಾಗಿರಬೇಕು: ಇಳಿಜಾರು, ಆಕಾರ, ಅಳತೆ, ಅಂಥದ್ದು. ಇಡೀ ಬೀದಿಗಿರುವ ತೊಂದರೆ ಹೇಳಿದರೆ ನಡೆಯಲ್ಲ. ನೀವೇನು ಹೇಳಿದಿರಿ?

ಹೊಸಮನೆ_ಹುಡುಗ:
ಆ ನಾಲ್ಕು ಮನೆಯ ಫೋಟೋ ತೋರಿಸಿದೆ. ಅಮ್ಮನಿಗೆ ಮಳೆಯಲ್ಲಿ ಇಳಿಯೋಕೆ ಕಷ್ಟ ಅಂದೆ. ಅದು ನಿಮ್ಮ ಸ್ವಂತ ವಿಷಯ ಅಂದರು. ಕಂಬ ಯಾಕೆ ನೆಟ್ಟಿರಿ ಅಂತ ಬೇರೆ ಕೇಳಿದರು.

ಹಳೇ_ಪ್ಲಾಟು:
ಕಂಬ??

ಹೊಸಮನೆ_ಹುಡುಗ:
ನಾಲ್ಕೇ ಕಂಬ. ಶೀಟು ಹಾಕಿಲ್ಲ. ಪರ್ಮಿಟ್ ಆಮೇಲೆ ನೋಡೋಣ ಅಂತ ಕಾಂಟ್ರ್ಯಾಕ್ಟರ್ ಅಂದ.

ಸೋಲಾರ್_ಶೆಡ್ಡು:
ಸುಮ್ನೆ ಹ್ಯೂಸ್ಟನ್‌ಗೆ ಬನ್ನಿ ಸರ್, ಇಲ್ಲಿ ಝೋನಿಂಗೇ (ಯಾವ ಜಾಗದಲ್ಲಿ ಏನು ಕಟ್ಟಬಹುದು ಅನ್ನೋ ಊರಿನ ನಿಯಮ) ಇಲ್ಲ. ನಂದು 24ಕ್ಕೆ 24 ಸ್ಟೀಲ್ ಕಾರ್‌ಪೋರ್ಟ್, ಮೇಲೆ ಪ್ಯಾನಲ್, ಕೆಳಗೆ ಎರಡು ಚಾರ್ಜರ್.

ಹಳೇ_ಪ್ಲಾಟು:
ಝೋನಿಂಗ್ ಇಲ್ಲ, ಡೀಡ್ ರಿಸ್ಟ್ರಿಕ್ಷನ್ (ಜಾಗದ ಪತ್ರದಲ್ಲೇ ಬರೆದ ಕಟ್ಟುಪಾಡು) ಇದೆ. ಅರ್ಧ ಹೇಳಬೇಡಿ.

ಸೋಲಾರ್_ಶೆಡ್ಡು:
ನಮ್ಮ ಲೇಔಟಲ್ಲಿ ಇಲ್ಲ. ನಿಮಗೇನು ಗೊತ್ತು?

ಕಡತ_ಕಮಲ:
ಅದು ಬೇರೆ ಕಡೆ ಜಗಳ ಆಡಿ. ಹುಡುಗಾ, ಅಮ್ಮನಿಗೆ ಇಳಿಯೋಕೆ ಕಷ್ಟ ಅಂದರೆ ಹೇಗೆ?

ಹೊಸಮನೆ_ಹುಡುಗ:
ವೀಲ್‌ಚೇರ್ ಅಲ್ವಾ. ಸ್ಟ್ರೋಕ್ ಆಗಿ ಎರಡು ವರ್ಷ. ವ್ಯಾನಿನ ರ‍್ಯಾಂಪ್ ಪಕ್ಕಕ್ಕೆ ಬಿಚ್ಚುತ್ತೆ, ಅದಕ್ಕೇ ಡ್ರೈವ್‌ವೇ ಅಗಲ ಕೇಳಿದ್ದು.

ಕಡತ_ಕಮಲ:
ಇದನ್ನ ಮೊದಲೇ ಹೇಳಬಾರದಾ! ಅದೇ 160ಡಿ-705ರಲ್ಲೇ ಇದೆ: ಅಂಗವೈಕಲ್ಯ ಇರುವವರಿಗೆ ಫೇರ್ ಹೌಸಿಂಗ್ ಕಾಯ್ದೆ ಪ್ರಕಾರ ಅನುಕೂಲ ಮಾಡಿಕೊಡಲು ಬೇಕಾದರೆ ವೇರಿಯನ್ಸ್ ಕೊಡಬಹುದು. ಅರ್ಜಿಯಲ್ಲಿ ವೀಲ್‌ಚೇರ್ ಅಂತ ಪದ ಇತ್ತಾ? ಮಂಡಳಿಯ ತೀರ್ಪಿನ ವಿರುದ್ಧ ಸುಪೀರಿಯರ್ ಕೋರ್ಟಿಗೆ ಹೋಗೋಕೆ 30 ದಿನ ಅಷ್ಟೇ. ತೀರ್ಪಿನ ಕಾಗದ ಯಾವತ್ತು ಬಂತು? ಲ್ಯಾಂಡ್‌ಯೂಸ್ ಲಾಯರ್‌ಗೆ ನಾಳೆ ಬೆಳಿಗ್ಗೆಯೇ ಫೋನ್ ಮಾಡಿ.

ಹೊಸಮನೆ_ಹುಡುಗ:
ಅರ್ಜಿಯಲ್ಲಿ ‘ವಯಸ್ಸಾದ ತಾಯಿ’ ಅಂತಷ್ಟೇ ಬರೆದಿದ್ದೆ. ಕಾಗದ ಈಗ ಹುಡುಕಿದೆ, ಫ್ರಿಜ್ ಮೇಲಿತ್ತು. ಇವತ್ತಿಗೆ 26 ದಿನ.

ಜಲ್ಲಿ_ಜಗ್ಗ:
ಕಂಬದ ಸುತ್ತ ಕಾಂಕ್ರೀಟ್ ಹಾಕಿದ್ದೀರಾ, ಜಲ್ಲಿನಾ?