ವೆಬ್ ಓದಿ ತಾನೇ ಕಲಿಯುವ ಪ್ರೋಗ್ರಾಂ ದಾರಿ ತಪ್ಪಿದೆ, ಏನು ಮಾಡಲಿ?

ಪ್ರಶ್ನೆ:
ಮೂರು ವಾರದಿಂದ ಇದೇ ಗೀಳು. ನನ್ನ ಪ್ರೋಗ್ರಾಂ ವೆಬ್ ಪುಟಗಳನ್ನು ಓದುತ್ತಾ ಊರಿನ ಹೆಸರುಗಳನ್ನು ಕಲಿಯಬೇಕು. ಹತ್ತು ಹೆಸರು ಕೊಟ್ಟು ಬಿಟ್ಟೆ. 'ಇಂದ' ಅಂತ ಮುಗಿಯುವ ಪದ ಊರಿರಬಹುದು ಅಂತ ತಾನೇ ಕಂಡುಕೊಂಡಿತು. ಖುಷಿಯಾಯ್ತು. ನಾಲ್ಕನೇ ದಿನ ನೋಡಿದರೆ 'ಸೋಮವಾರ'ವೂ ಊರು! ಸೋಮವಾರದಿಂದ ಅಂತೀವಿ, ಅಲ್ವಾ?

ಉತ್ತರ 1:
ಸುಮ್ನೆ ಬೇಜಾರಾಗಬೇಡಿ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಟಾಮ್ ಮಿಚೆಲ್ ತಂಡ 2010ರ ಜನವರಿಯಲ್ಲಿ ಶುರು ಮಾಡಿದ 'ನೆಲ್' ಅನ್ನೋ ಪ್ರೋಗ್ರಾಂ ಹಗಲೂ ರಾತ್ರಿ ವೆಬ್ ಓದುತ್ತಿತ್ತು. ಅದು ಇಂಟರ್ನೆಟ್ ಕುಕಿಯನ್ನು (ವೆಬ್‌ಸೈಟ್ ನಮ್ಮ ಕಂಪ್ಯೂಟರಿನಲ್ಲಿ ಇಟ್ಟುಹೋಗುವ ಪುಟ್ಟ ಮಾಹಿತಿ; ಕುಕಿ ಅಂದರೆ ಬಿಸ್ಕತ್ತೂ ಹೌದು) ಬೇಕರಿ ತಿಂಡಿ ಅಂದುಕೊಂಡಿತು. ಕುಕಿ ಅಳಿಸುತ್ತೇವೆ, ಫೈಲೂ ಅಳಿಸುತ್ತೇವೆ. ಹಾಗಾಗಿ ಫೈಲೂ ತಿಂಡಿ! ಒಂದು ತಪ್ಪು ಮುಂದಿನ ಪಾಠಕ್ಕೆ ಪುಸ್ತಕವಾಗುತ್ತದೆ.

ಉತ್ತರ 2:
ಊರನ್ನು ಒಂಟಿಯಾಗಿ ಕಲಿಸಬೇಡಿ. ವಾರ, ವ್ಯಕ್ತಿ, ಊರು ಒಟ್ಟಿಗೆ ಕಲಿಸಿ. ವಾರ ಆಗಿರುವುದು ಊರಾಗಬಾರದು ಅಂತ ಕಟ್ಟು ಹಾಕಿ. ನೆಲ್‌ನಲ್ಲೂ ಹೀಗೇ ಇತ್ತು. ಅಷ್ಟಾದರೂ ಎರಡು ವಾರಕ್ಕೊಮ್ಮೆ ಯಾರೋ ಕೂತು ಕೆಲವು ನಿಮಿಷ ತಿದ್ದಬೇಕಾಯ್ತು.

ಪ್ರಶ್ನೆ ಕೇಳಿದವರು:
ಕಟ್ಟು ಹಾಕಿದೆ. ಸೋಮವಾರ ಹೋಯ್ತು. ಈಗ 'ಬಾಲ್ಯ' ಊರಾಗಿದೆ.