ಟಾಮ್ ಟಿ. ಹಾಲ್ ಹಾಡುಗಳಲ್ಲಿ ಕತೆ ಕಟ್ಟುವ ಬಗೆ

ಓದುಗೂಡು: ಕೆಂಟಕಿಯ ಆಲಿವ್ ಹಿಲ್‌ನಲ್ಲಿ 1936ರಲ್ಲಿ ಹುಟ್ಟಿದ ಟಾಮ್ ಟಿ. ಹಾಲ್‌ಗೆ ಅಮೆರಿಕದ ಹಳ್ಳಿಗಾಡಿನ ಹಾಡುಗಳಾದ ಕಂಟ್ರಿ ಸಂಗೀತದವರು ಕೊಟ್ಟ ಹೆಸರೇ ‘ಸ್ಟೋರಿಟೆಲ್ಲರ್’, ಅಂದರೆ ಕತೆಗಾರ. 1982ರಲ್ಲಿ ಕಾದಂಬರಿಯನ್ನೂ ತಂದವರು. ಮೂರು ನಿಮಿಷದಲ್ಲಿ ಒಂದು ಊರಿನ ಕತೆ ಮುಗಿಸೋದು ಹೇಗೆ? ಸಣ್ಣಕತೆ ಬರೆಯೋರಿಗೆ ಇದರಲ್ಲಿ ಕಲಿಯೋದೇನಿದೆ?

ತಂತಿನಾದ: ಹಾಲ್ ಬರೆದ ‘ಹಾರ್ಪರ್ ವ್ಯಾಲಿ ಪಿ.ಟಿ.ಎ.’ ಹಾಡನ್ನು ಸಾಲು ಸಾಲಾಗಿ ಬಿಡಿಸಿ ನೋಡಿ. 1968ರಲ್ಲಿ ಜೀನಿ ಸಿ. ರೈಲಿ ಹಾಡಿದ್ದು, ಪಾಪ್, ಕಂಟ್ರಿ ಎರಡೂ ಪಟ್ಟಿಗಳಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ವಿಧವೆ ತಾಯಿಯ ನಡತೆ ಸರಿಯಿಲ್ಲ ಅಂತ ಶಾಲೆಯ ಪೋಷಕ-ಶಿಕ್ಷಕರ ಸಂಘ (ಅದೇ ಪಿ.ಟಿ.ಎ.) ಮಗಳ ಕೈಲಿ ಚೀಟಿ ಕಳಿಸುತ್ತದೆ. ಆಕೆ ನೇರ ಸಭೆಗೇ ಹೋಗುತ್ತಾಳೆ. ಅಲ್ಲಿ ‘ನೀವೆಲ್ಲ ಕಪಟಿಗಳು’ ಅಂತ ಶುರು ಮಾಡೋದಿಲ್ಲ. ಒಬ್ಬನ ಸೆಕ್ರೆಟರಿ ಊರು ಬಿಟ್ಟದ್ದು ಯಾಕೆ ಅಂತ ಕೇಳುತ್ತಾಳೆ, ಇನ್ನೊಬ್ಬಳ ಉಸಿರಲ್ಲಿ ಜಿನ್ ವಾಸನೆ ಹಿಡಿಯುತ್ತಾಳೆ. ಹೆಸರಿಗೊಂದು ಗುಟ್ಟು, ಗುಟ್ಟಿಗೊಂದೆರಡು ಸಾಲು. ಹೇಳುತ್ತಿರುವವಳು ಆ ಮಗಳೇ ಅನ್ನೋದು ಕೊನೆಗೆ ಬಿಚ್ಚಿಕೊಳ್ಳುತ್ತದೆ. ಮೊದಲ ಸಾಲಲ್ಲೇ ‘ನನ್ನಮ್ಮ’ ಅಂದಿದ್ದರೆ ಆ ಪೆಟ್ಟು ಬೀಳುತ್ತಿರಲಿಲ್ಲ.

ಓದುಗೂಡು: ಇದರಲ್ಲಿ ಪಲ್ಲವಿ ಇಲ್ಲವಲ್ಲ? ಕೇಳುಗನನ್ನು ಹಿಡಿದಿಡೋದು ಯಾವುದು?

ತಂತಿನಾದ: ಚರಣದ ಕೊನೆಗೆ ಮರಳಿ ಬರುವ ಸಂಘದ ಹೆಸರು. ಪಲ್ಲವಿ ಬಂದಾಗಲೆಲ್ಲ ಕತೆ ಅಲ್ಲೇ ನಿಲ್ಲುತ್ತದೆ. ಮುಂದಿನ ಚರಣ ಅದನ್ನು ಮತ್ತೆ ತಳ್ಳಿ ಎಬ್ಬಿಸಬೇಕು. ಪಲ್ಲವಿ ಬೇಕೇ ಬೇಕು ಅಂದರೆ, ಅದೇ ಮಾತಿಗೆ ಪ್ರತಿ ಸಲ ಬೇರೆ ಅರ್ಥ ಬರುವಂತೆ ಹಿಂದಿನ ಚರಣ ಕಟ್ಟಿ.

ಗುಡ್ಡದಪದ: ಮೂರು ನಿಮಿಷದ ಲೆಕ್ಕಕ್ಕೆ ಕಾರಣ ಹಳೇ ಡಿಸ್ಕ್. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಇಂಚಿನ ಗ್ರಾಮಫೋನ್ ತಟ್ಟೆಯ ಒಂದು ಬದಿ ಹೆಚ್ಚುಕಮ್ಮಿ ಅಷ್ಟೇ ಹಿಡಿಯುತ್ತಿತ್ತು. 1927ರಲ್ಲಿ ಅಮೆರಿಕದ ಟೆನ್ನೆಸ್ಸಿಯ ಬ್ರಿಸ್ಟಲ್‌ನಲ್ಲಿ ರೆಕಾರ್ಡ್ ನಿರ್ಮಾಪಕ ರಾಲ್ಫ್ ಪಿಯರ್, ಕಂಟ್ರಿ ಹಾಡುಗಾರರಾದ ಕಾರ್ಟರ್ ಕುಟುಂಬದ ಹಾಡು ಮುದ್ರಿಸಿಕೊಂಡಾಗಲೂ ಇದೇ ಮಿತಿ. ಬೆಟ್ಟದೂರುಗಳ ಉದ್ದುದ್ದ ಲಾವಣಿಗಳು ಈ ತಟ್ಟೆಗೆ ಹಿಡಿಸಬೇಕಾದರೆ ಚರಣ ಬಿಡಲೇಬೇಕಿತ್ತು.

ಬಾಬಿ ಜೆಂಟ್ರಿಯ 1967ರ ‘ಓಡ್ ಟು ಬಿಲ್ಲಿ ಜೋ’ವನ್ನೂ ಕೇಳಿ. ಮಿಸಿಸಿಪ್ಪಿಯ ಒಂದು ಮನೆಯ ಊಟದ ಮೇಜು. ಹುಡುಗ ಸೇತುವೆಯಿಂದ ಹಾರಿ ಸತ್ತ ಸುದ್ದಿಯ ನಡುವೆಯೇ ಬಿಸ್ಕಿಟ್ ಇತ್ತ ಕೊಡು ಅನ್ನೋ ಮಾತು. ಮಗಳು ಉಣ್ಣುತ್ತಿಲ್ಲ ಅಂತ ತಾಯಿ ಗಮನಿಸುತ್ತಾಳೆ, ಅಷ್ಟೇ. ಆ ಹುಡುಗ ಒಬ್ಬ ಹುಡುಗಿಯ ಜೊತೆ ಸೇತುವೆಯಿಂದ ಏನೋ ಎಸೆಯುತ್ತಿದ್ದ ಅನ್ನೋ ಮಾತೂ ಬರುತ್ತದೆ, ಎಸೆದದ್ದೇನು ಅಂತ ಹಾಡು ಹೇಳೋದೇ ಇಲ್ಲ.

ಹೊಸಬರ ಕತೆ ಸೊರಗೋದು ಇಲ್ಲೇ: ‘ಅವಳಿಗೆ ದುಃಖವಾಯಿತು’ ಅಂತ ಬರೆದುಬಿಡುತ್ತಾರೆ. ಕರಡಿನಲ್ಲಿ ಅಂಥ ಸಾಲುಗಳಿಗೆ ಗೆರೆ ಎಳೆಯಿರಿ, ಅಲ್ಲಿ ಕೈ ಮಾಡುವ ಕೆಲಸ ಇಲ್ಲವೇ ಆಡಿದ ಮಾತು ಇಡಿ. ಆಮೇಲೆ ಗಟ್ಟಿಯಾಗಿ ಓದಿ. ಉಸಿರು ಸಿಕ್ಕಿಕೊಂಡ ಕಡೆ ವಾಕ್ಯ ಮುರಿಯಿರಿ.